ವಿದ್ಯುತ್ ಬಿಲ್: ಬಾಡಿಗೆದಾರನಿಗೂ ನ್ಯಾಯ ಸಿಗಲಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಕೇಳಬೇಕಾದ ಪ್ರಶ್ನೆಗಳ ಪಟ್ಟಿಗೆ ಈಚೆಗೆ ಮತ್ತೊಂದು ಸೇರಿಕೊಂಡಿದೆ. ನೀರು ಕಾವೇರಿಯದೋ ಕೊಳವೆಬಾವಿಯದೋ, ಮುಂಗಡ ಎಷ್ಟು ತಿಂಗಳದ್ದು ಎಂಬುದರ ಜತೆಗೆ, ಅಡುಗೆ ಯಾವುದರ ಮೇಲೆ, ಸ್ನಾನದ ನೀರು ಕಾಯುವುದು ಯಾವುದರಿಂದ ಎಂಬುದನ್ನೂ ವಿಚಾರಿಸಿಕೊಳ್ಳಬೇಕಾಗಿದೆ. ಚಿಕ್ಕ ನಿವೇಶನದಲ್ಲಿ ನಾಲ್ಕಾರು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡುವ ಕಟ್ಟಡಗಳಲ್ಲಿ ಗ್ಯಾಸ್ ಸಿಲಿಂಡರ್ ಇಡಲು ಜಾಗವಿರುವುದಿಲ್ಲ. ಕೆಲವೆಡೆ ಮಾಲೀಕರ ಒಪ್ಪಿಗೆಯೂ ಇರುವುದಿಲ್ಲ. ತಾರಸಿಯಲ್ಲಿ ಸೌರ ಜಲತಾಪಕವಿದ್ದರೂ ಅದರ ನಲ್ಲಿ ಮಾಲೀಕರ ಮನೆಗಷ್ಟೇ ಮೀಸಲು. ಹೀಗಾಗಿ ಇಂಡಕ್ಷನ್ ಒಲೆ, ಗೀಸರ್, ವಾಷಿಂಗ್ ಮಷಿನ್ ಎಂದು ಇಡೀ ಸಂಸಾರವೇ ವಿದ್ಯುತ್ತಿನ ತಂತಿಗೆ ಜೋತುಬಿದ್ದಿದೆ.

ಇಂಥ ಮನೆಯ ಖರ್ಚನ್ನು ಲೆಕ್ಕ ಹಾಕುವುದು ಕಷ್ಟವೇನಲ್ಲ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರು ಸ್ನಾನಕ್ಕೆ ಹದವಾಗಿ ಕಾಯಲು ಸುಮಾರು ಅರ್ಧ ಯೂನಿಟ್ ಬೇಕು. ನಾಲ್ವರ ಕುಟುಂಬಕ್ಕೆ ದಿನಕ್ಕೆ ಎರಡು, ತಿಂಗಳಿಗೆ ಅರವತ್ತು ಯೂನಿಟ್. ಇಂಡಕ್ಷನ್ ಒಲೆಯ ಅಡುಗೆಗೆ ಸುಮಾರು ಐವತ್ತು, ಫ್ರಿಜ್‌ಗೆ ಇಪ್ಪತ್ತೈದು. 75 ವಾಟ್‌ನ ಮೂರು ಹಳೆಯ ಮಾದರಿಯ ಫ್ಯಾನ್‌ಗಳು ಸೆಕೆಯ ದಿನಗಳಲ್ಲಿ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಅರವತ್ತೇಳು. ದೀಪ, ಟಿ.ವಿ., ಮಿಕ್ಸಿಗಳ ಲೆಕ್ಕ ಹಿಡಿಯುವ ಮೊದಲೇ ಮೀಟರ್ 200 ಯೂನಿಟ್ ದಾಟಿರುತ್ತದೆ. ಈ ಮನೆಯಲ್ಲಿ ಹವಾನಿಯಂತ್ರಕವಿಲ್ಲ, ದುಂದುವೆಚ್ಚವೂ ಇಲ್ಲ ಎಂಬುದನ್ನು ಗಮನಿಸಬೇಕು.

200 ಯೂನಿಟ್ ಎಂಬುದು ಬರಿಯ ಅಂಕಿ ಅಲ್ಲ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ರಾಜ್ಯ ಸರ್ಕಾರದ ‘ಗೃಹಜ್ಯೋತಿ’ ಯೋಜನೆ ಎಳೆದ ಗೆರೆ ಅದು. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ, ಆ ಮಿತಿಯವರೆಗೆ ಉಚಿತ ವಿದ್ಯುತ್ ನೀಡುವುದು ಯೋಜನೆಯ ಮೂಲ ಸೂತ್ರ. ಆದರೆ ತಿಂಗಳ ಬಳಕೆ 200ನ್ನು ಮೀರಿದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಅಲ್ಲ, ಇಡೀ ಬಿಲ್ಲಿಗೆ ಹಣ ತೆರಬೇಕು. 2025–26ರ ದರವಾದ ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ 220 ಯೂನಿಟ್‌ಗೆ ಬಳಕೆ ಶುಲ್ಕವೇ 1,276 ರೂಪಾಯಿ. ನಿಗದಿತ ಶುಲ್ಕ, ಸರ್ಚಾರ್ಜ್, ತೆರಿಗೆಗಳು ಬೇರೆ. ಗ್ಯಾಸ್ ಒಲೆ ಇರುವ ಮನೆ ಸುಲಭವಾಗಿ ಗೆರೆಯೊಳಗೆ ಉಳಿಯುತ್ತದೆ. ವಿದ್ಯುತ್ತಿನಲ್ಲೇ ಬೇಯಿಸಿ ಉಣ್ಣುವ ಮನೆ ಅಷ್ಟೇ ಮಿತವ್ಯಯದಲ್ಲಿದ್ದರೂ ಹೊರಗುಳಿಯುತ್ತದೆ. ಹಿಂದಿನ ಬಳಕೆಯ ಲೆಕ್ಕವಿಲ್ಲದ ಹೊಸ ಮನೆಗೆ ಹೋದವರಿಗಂತೂ ರಾಜ್ಯದ ಸರಾಸರಿ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್ ಮಾತ್ರ ಉಚಿತ ಎಂಬ ನಿಯಮವಿತ್ತು. ಸಂಪೂರ್ಣ ವಿದ್ಯುತ್ ಅವಲಂಬಿತ ಮನೆಗೆ ಅದು ಸ್ನಾನದ ನೀರಿಗೂ ಸಾಲದು.

ಉಳಿತಾಯ ಮಾಡಿ ಎಂಬ ಉಪದೇಶ ಇಲ್ಲಿ ಅರ್ಧ ದಾರಿಯನ್ನಷ್ಟೇ ಕ್ರಮಿಸುತ್ತದೆ. ಮೇಲಿನ ಮನೆಯ ಮೂರು ಫ್ಯಾನ್‌ಗಳ ಬದಲಿಗೆ 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗಳಿದ್ದರೆ ತಿಂಗಳಿಗೆ ನಲವತ್ತು ಯೂನಿಟ್ ಉಳಿದು, ಆ ಕುಟುಂಬ ಗೆರೆಯೊಳಗೆ ಬರುತ್ತಿತ್ತು. ಆದರೆ ಫ್ಯಾನ್ ಮಾಲೀಕರದು, ಬಿಲ್ ಬಾಡಿಗೆದಾರನದು. ಅಗ್ಗದ ಫ್ಯಾನ್, ಅಗ್ಗದ ಗೀಸರ್ ಕೊಂಡು ಹಾಕಿದ ಮಾಲೀಕರಿಗೆ ಅದರಿಂದಾಗುವ ನಷ್ಟ ತಟ್ಟುವುದೇ ಇಲ್ಲ. ಹನ್ನೊಂದು ತಿಂಗಳ ಕರಾರಿನಲ್ಲಿರುವ ಬಾಡಿಗೆದಾರನಿಗೆ, ಮೂರ್ನಾಲ್ಕು ವರ್ಷಗಳಲ್ಲಿ ದುಡ್ಡು ಮರಳಿಸುವ ಉಪಕರಣಕ್ಕೆ ಹಣ ಹೂಡುವ ಧೈರ್ಯವಿಲ್ಲ. ಕೊಳ್ಳುವವರು ಒಬ್ಬರು, ತೆರುವವರು ಇನ್ನೊಬ್ಬರು ಎಂಬ ಈ ಏರ್ಪಾಟಿನಲ್ಲಿ ಪೋಲಾಗುವುದು ಬಾಡಿಗೆದಾರನ ಸಂಬಳ ಮಾತ್ರವಲ್ಲ, ರಾಜ್ಯದ ವಿದ್ಯುತ್ ಕೂಡ.

ಇದಕ್ಕಿಂತಲೂ ಆಕ್ಷೇಪಾರ್ಹವಾದದ್ದು ಸಬ್‌ಮೀಟರ್ ವ್ಯವಹಾರ. ಕಟ್ಟಡಕ್ಕೆ ಒಂದೇ ಅಧಿಕೃತ ಮೀಟರ್ ಇಟ್ಟುಕೊಂಡು, ಪ್ರತಿ ಮನೆಗೆ ಖಾಸಗಿ ಮೀಟರ್ ಕೂರಿಸಿ, ಯೂನಿಟ್‌ಗೆ ಹತ್ತು ಹನ್ನೆರಡು ರೂಪಾಯಿ ವಸೂಲು ಮಾಡುವ ಮಾಲೀಕರಿದ್ದಾರೆ. ಬಳಕೆ ಹೆಚ್ಚಿದಂತೆ ದರವೂ ಏರುತ್ತಿದ್ದ ಕಾಲದಲ್ಲಿ ಇದಕ್ಕೊಂದು ನೆಪವಿತ್ತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2024ರ ಏಪ್ರಿಲ್‌ನಿಂದ ಗೃಹಬಳಕೆಯ ಸ್ಲ್ಯಾಬ್ ಪದ್ಧತಿಯನ್ನು ಕೈಬಿಟ್ಟು ಏಕರೂಪದ ದರ ನಿಗದಿ ಮಾಡಿದ ಮೇಲೆ ಆ ನೆಪವೂ ಉಳಿದಿಲ್ಲ. ಪಂಪು, ಲಿಫ್ಟು, ಮೆಟ್ಟಿಲ ದೀಪದ ಖರ್ಚಿದೆ ಎಂಬುದು ಮಾಲೀಕರ ವಾದ. ಅದು ನಿಜವೇ, ಆದರೆ ಅದನ್ನು ನಿರ್ವಹಣಾ ವೆಚ್ಚವೆಂದು ಪ್ರತ್ಯೇಕವಾಗಿ ಕೇಳಲಿ, ಯೂನಿಟ್ ದರದೊಳಗೆ ಬಚ್ಚಿಡುವುದು ಬೇಡ. ಪರವಾನಗಿ ಇಲ್ಲದೆ ವಿದ್ಯುತ್ ವ್ಯಾಪಾರ ನಡೆಸುವುದಕ್ಕೆ 2003ರ ವಿದ್ಯುತ್ ಕಾಯ್ದೆಯಲ್ಲಿ ಅವಕಾಶವಿಲ್ಲ ಎಂಬುದನ್ನೂ ಅವರು ಮರೆಯಬಾರದು. ಹೀಗೆ ಒಂದೇ ಮೀಟರಿನಡಿ ಬದುಕುವ ಕುಟುಂಬಗಳಿಗೆ ಸ್ವಂತ ಆರ್‌.ಆರ್. ಸಂಖ್ಯೆಯಿಲ್ಲ. ಆದ್ದರಿಂದ ಸರ್ಕಾರದ ಉಚಿತ ವಿದ್ಯುತ್ ಅವರ ಬಾಗಿಲಿಗೆ ಬರುವುದೂ ಇಲ್ಲ.

ಬಾಡಿಗೆದಾರರು ತಮ್ಮ ಕೈಲಾದುದನ್ನು ಮಾಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹದಿನೈದು ಲೀಟರಿನ, ಎರಡು ಕಿಲೋವಾಟ್ ಗೀಸರ್‌ಗೆ ಕಾಲು ಗಂಟೆ ಸಾಕು. ಅದನ್ನು ಬೆಳಗಿನಿಂದ ಸಂಜೆಯವರೆಗೆ ಉರಿಸಿದರೆ ಕಾದ ನೀರು ಆರುತ್ತ, ಮತ್ತೆ ಕಾಯುತ್ತ ಬಿಲ್ ಬೆಳೆಯುತ್ತದೆ. ಪಾತ್ರೆಗೆ ಮುಚ್ಚಳ, ಬೇಳೆಗೆ ಕುಕ್ಕರ್ ಎಂಬ ಅಜ್ಜಿಯ ಪಾಠ ಇಂಡಕ್ಷನ್ ಒಲೆಗೂ ಅನ್ವಯಿಸುತ್ತದೆ. ಮನೆ ವಹಿಸಿಕೊಳ್ಳುವ ದಿನವೇ ಮೀಟರ್ ಓದನ್ನು ಗುರುತು ಹಾಕಿಕೊಂಡು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಮನೆಯ ಎಲ್ಲ ಸ್ವಿಚ್‌ಗಳನ್ನೂ ಆರಿಸಿದ ಮೇಲೂ ಮೀಟರಿನ ಕೆಂಪು ದೀಪ ಮಿಣುಕುತ್ತಿದ್ದರೆ, ಪಕ್ಕದ ಮನೆಯದೋ ಮೆಟ್ಟಿಲಿನದೋ ತಂತಿ ತಮ್ಮ ಮೀಟರ್‌ಗೆ ಸೇರಿರಬಹುದೆಂದು ಪರೀಕ್ಷಿಸಬೇಕು. ಮಂಜೂರಾದ ಹೊರೆಯ ಮೇಲೆ ನಿಗದಿತ ಶುಲ್ಕ ಬೀಳುವುದನ್ನೂ ಅರಿತಿರಬೇಕು: 2025–26ರಲ್ಲಿ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ. ಐದು ಕಿಲೋವಾಟ್ ಹೊರೆಯ ಮನೆಗೆ ಬೀಗ ಹಾಕಿ ಊರಿಗೆ ಹೋದರೂ 725 ರೂಪಾಯಿ ತಪ್ಪದು.

ಆದರೆ ಉಳಿದದ್ದು ಸರ್ಕಾರ ಮತ್ತು ವಿದ್ಯುತ್ ಸರಬರಾಜು ಕಂಪನಿಗಳ ಹೊಣೆ. ಬಾಡಿಗೆ ಕರಾರಿನಲ್ಲಿ ಮೀಟರಿನ ಆರ್‌.ಆರ್. ಸಂಖ್ಯೆ, ಮಂಜೂರಾದ ಹೊರೆ, ಯೂನಿಟ್ ದರ ಹಾಗೂ ಸಾಮಾನ್ಯ ಖರ್ಚಿನ ಪಾಲನ್ನು ನಮೂದಿಸುವುದು ಕಡ್ಡಾಯವಾಗಬೇಕು. ಪ್ರತ್ಯೇಕ ಅಡುಗೆಮನೆಯುಳ್ಳ ಪ್ರತಿ ವಾಸದ ಮನೆಗೂ ಅಧಿಕೃತ ಮೀಟರ್ ಇರಬೇಕು. ಇಂಧನ ದಕ್ಷತಾ ಬ್ಯೂರೊದ ನಕ್ಷತ್ರ ಗುರುತು ಫ್ಯಾನ್‌ಗಳಿಗೂ ಗೀಸರ್‌ಗಳಿಗೂ ಇದೆ. ಬಾಡಿಗೆಗೆ ಕೊಡುವ ಮನೆಯಲ್ಲಿ ಮಾಲೀಕರೇ ಅಳವಡಿಸುವ ಉಪಕರಣಗಳಿಗೆ ಕನಿಷ್ಠ ನಕ್ಷತ್ರಗಳನ್ನು ಗೊತ್ತುಪಡಿಸಲು ಅಡ್ಡಿಯೇನು? ಗೃಹಜ್ಯೋತಿಯ 200ರ ಗೆರೆಯನ್ನು ದಾಟಿದವರಿಂದ ದಾಟಿದಷ್ಟಕ್ಕೇ ಹಣ ಪಡೆಯುವ ಕ್ರಮವನ್ನಾದರೂ ಪರಿಶೀಲಿಸಬೇಕು. ಒಂದೇ ಯೂನಿಟ್‌ನ ವ್ಯತ್ಯಾಸಕ್ಕೆ ಇಡೀ ತಿಂಗಳ ನೆರವು ಕೈತಪ್ಪುವುದು ನ್ಯಾಯವೂ ಅಲ್ಲ, ಮಿತವ್ಯಯಕ್ಕೆ ಪ್ರೋತ್ಸಾಹವೂ ಅಲ್ಲ.

ಹೊಗೆಯಿಲ್ಲದ ಅಡುಗೆಮನೆ, ಕಡಿಮೆ ಇಂಧನದ ನಗರ ಎಂದು ಸರ್ಕಾರಗಳು ಹೇಳುತ್ತಲೇ ಇವೆ. ಆ ಮಾತನ್ನು ನಂಬಿಯೋ, ಬೇರೆ ದಾರಿಯಿಲ್ಲದೆಯೋ ವಿದ್ಯುತ್ತಿಗೆ ಒಗ್ಗಿಕೊಂಡ ಬಾಡಿಗೆದಾರನಿಗೆ ದಂಡ ತೆರುವ ಸ್ಥಿತಿ ಬರಬಾರದು. ಸ್ವಿಚ್ ಒತ್ತುವುದು ಅವನೇ ಆದರೂ, ಅದರಾಚೆಗಿನ ತಂತಿ, ಉಪಕರಣ, ದರ ಯಾವುದೂ ಅವನ ಹತೋಟಿಯಲ್ಲಿಲ್ಲ ಎಂಬುದನ್ನು ಆಳುವವರು ಇನ್ನಾದರೂ ಮನಗಾಣಬೇಕು.