ಎರಡೂ ಕಡೆಯ ಖರ್ಚು

ಟ್ರಿಬ್ಯುನಲ್‌ನಲ್ಲಿ ಸೋತ ಆದಾಯ ತೆರಿಗೆ ಕೇಸನ್ನು ಹೈಕೋರ್ಟಿಗೆ ಒಯ್ಯುವ ಕಡತಕ್ಕೆ ಸಹಿ ಹಾಕುವಾಗ, ಇದು ನಿಲ್ಲುವುದಿಲ್ಲವೆಂದು ನಿಮಗೆ ಗೊತ್ತಿರುತ್ತದೆ. ಇಲಾಖೆಯ ಪರ ವಾದಿಸಲು ಎದ್ದು ನಿಲ್ಲುವ ನಿಮಗೂ ಗೊತ್ತು, ಪತ್ರಿಕೆ ಓದಿ ಮಡಿಸಿಡುವ ನಿಮಗೂ ಗೊತ್ತು. ಮೇಲ್ಮನವಿಗಳಲ್ಲಿ ತೆರಿಗೆ ಇಲಾಖೆ ಗೆಲ್ಲುವುದು ನೂರಕ್ಕೆ ಮೂವತ್ತೂ ಇಲ್ಲ ಎಂದು 2018ರ ಜನವರಿಯಲ್ಲಿ ಹೇಳಿದ್ದು ಕೇಂದ್ರ ಸರ್ಕಾರದ್ದೇ ಆರ್ಥಿಕ ಸಮೀಕ್ಷೆ. ಬಾಕಿ ಕೇಸುಗಳಲ್ಲಿ ಶೇ 66ರಷ್ಟು ಹತ್ತು ಲಕ್ಷಕ್ಕಿಂತ ಕಡಿಮೆಯವು, ಅವೆಲ್ಲ ಸೇರಿದರೂ ಸಿಕ್ಕಿಬಿದ್ದ ಹಣದ ಶೇ 1.8 ಮಾತ್ರ ಎಂದೂ ಅದು ಬರೆದಿತ್ತು.

ಸರ್ಕಾರಕ್ಕೆ ಅದು ಚಿಲ್ಲರೆ. ಚಿಕ್ಕಪೇಟೆಯ ಸಣ್ಣ ಬಟ್ಟೆ ಅಂಗಡಿಯವರಿಗೆ ಅದು ಮಗಳ ಮದುವೆ, ಮನೆಯ ಸಾಲ, ಬರುವ ದೀಪಾವಳಿಗೆ ತುಂಬಬೇಕಾದ ಸರಕು. ವಸೂಲಿಗೆ ತಡೆ ಬೇಕೆಂದರೆ ಸಾಮಾನ್ಯವಾಗಿ ವಿವಾದದ ತೆರಿಗೆಯ ಶೇ 20 ಮೊದಲೇ ಕಟ್ಟಬೇಕು. ಉಳಿದ ಬಾಕಿ ತಡವಾದರೆ ತಿಂಗಳಿಗೆ ಶೇ 1 ಬಡ್ಡಿ, ಗೆದ್ದು ವಾಪಸು ಪಡೆದರೆ ಶೇ 0.5. (ಊರಿನ ಬಡ್ಡಿ ವ್ಯಾಪಾರಿ ಹೀಗೆ ಮಾಡಿದ್ದರೆ ನಾವು ಸುಮ್ಮನಿರುತ್ತಿದ್ದೆವೆ?) ವರ್ಷಗಟ್ಟಲೆ ವಾಯಿದೆಯ ಮೇಲೆ ವಾಯಿದೆ ಬೀಳುತ್ತ, ಆಡಿಟರ್ ಬದಲಾಗುತ್ತ, ಕಾಗದಗಳು ಹಳದಿಯಾಗುತ್ತ ಹೋದಂತೆ, ತಮ್ಮ ವಕೀಲರಿಗೆ ಜೇಬಿನಿಂದ ಕೊಡುವ ಆ ಮನುಷ್ಯ, ಎದುರು ನಿಂತ ವಕೀಲರ ಫೀಜಿಗೂ ತಮ್ಮ ತೆರಿಗೆಯಿಂದಲೇ ಪಾಲು ಕೊಡುತ್ತಿರುತ್ತಾರೆ. ಎರಡೂ ಕಡೆಯ ಖರ್ಚು ಅವರದೇ. ನೀವು ತೆರಿಗೆ ಕಟ್ಟುವವರಾದರೆ ನಿಮ್ಮದೂ ಹೌದು.

2024ರ ಸೆಪ್ಟೆಂಬರಿನಲ್ಲಿ ಇಲಾಖೆ, ವಿವಾದದ ತೆರಿಗೆ ಇಷ್ಟಕ್ಕಿಂತ ಕಡಿಮೆಯಿದ್ದರೆ ತಾನು ಮೇಲ್ಮನವಿ ಹೂಡುವುದಿಲ್ಲ ಎಂಬ ಮಿತಿಯನ್ನು ಏರಿಸಿತು: ಟ್ರಿಬ್ಯುನಲ್ಲಿಗೆ 60 ಲಕ್ಷ, ಹೈಕೋರ್ಟಿಗೆ 2 ಕೋಟಿ, ಸುಪ್ರೀಂ ಕೋರ್ಟಿಗೆ 5 ಕೋಟಿ. ಒಳ್ಳೆಯದಾಯಿತು. ಆದರೆ ಮೊದಲ ಮೆಟ್ಟಿಲಲ್ಲೇ, ತೆರಿಗೆದಾರರೇ ಹೂಡಿದ ಲಕ್ಷಾಂತರ ಅಪೀಲುಗಳು ಕೊಳೆಯುತ್ತಿವೆ. ಅಲ್ಲಿರುವವರಿಗೆ ಈ ಮಿತಿ ನೆರಳಾಗುವುದಿಲ್ಲ.

ಅಧಿಕಾರಿಗಳೇ, ನಿಮ್ಮ ಅಂಜಿಕೆ ಅರ್ಥವಾಗುತ್ತದೆ. ಅಪೀಲು ಹಾಕದಿದ್ದರೆ ನಾಳೆ ಆಡಿಟ್ ಆಕ್ಷೇಪ ಬಂದೀತು, ವಿಜಿಲೆನ್ಸ್ ಕೇಳೀತು. ಹಾಕಿ ಸೋತರೆ ಯಾರೂ ಕೇಳುವುದಿಲ್ಲ. ಕೇಳದಿರುವವರು ನಾವೇ. ಎರಡೂ ಕಡೆಯ ಖರ್ಚು ಕೊಟ್ಟೂ ಬಾಯಿ ಮುಚ್ಚಿಕೊಂಡ ನಾವು, ಸೋತ ಕೇಸುಗಳಿಗೆ ವಕೀಲರ ಫೀಜು, ವಾಪಸು ಕೊಟ್ಟ ಹಣದ ಬಡ್ಡಿ ಎಂದು ವರ್ಷಕ್ಕೆ ಎಷ್ಟು ಹೋಯಿತೆಂದು ನಮ್ಮ ಸಂಸದರನ್ನು ಒಮ್ಮೆ ಕೇಳೋಣ. ಆ ಲೆಕ್ಕ ಸದನದಲ್ಲಿ ಬರಲಿ. ನೀವೂ ಅಷ್ಟೇ, ನಿಲ್ಲದ ಕೇಸಿನ ಕಡತ ಮೇಜಿಗೆ ಬಂದಾಗ, ದಯವಿಟ್ಟು, ಅಂಗಡಿಯ ಆ ಮುಖ ನೆನೆದು, ಮುಂದುವರಿಸುವುದು ಬೇಡವೆಂದು ಕಾರಣಸಹಿತ ಬರೆಯಿರಿ. ಹಾಗೆ ಬರೆದವರಿಗೆ ನೋಟಿಸು ಬಂದರೆ, ಅವರ ಪರವಾಗಿ ಮಾತಾಡುವ ಸರದಿ ನಮ್ಮದು.