ವಜಾ ಆದ ದಿನದಿಂದಲೇ ದಿನ ಎಣಿಸಿ

ಪೊಲೀಸರ ಮೇಲೆ ಹೂಡಿದ ದಾವೆ ವಜಾ ಆಯಿತೆಂದರೆ ಊರಲ್ಲಿ ಮೊದಲು ಕೇಳುವ ಮಾತು, ‘ಅವರ ಸಹವಾಸ ಬೇಡ ಅಂತ ಅಂದೇ ಹೇಳಿದ್ದೆವಲ್ಲ’. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಾಗರಿಕರಲ್ಲಿ ಒಂದು ಕೋರಿಕೆ: ಆ ಮಾತನ್ನು ಒಂದು ತಿಂಗಳಾದರೂ ತಡೆಹಿಡಿಯಿರಿ. ಮೇಲ್ಮನವಿಗೆ ಹೈಕೋರ್ಟಿನಲ್ಲಿ 90 ದಿನಗಳ ಗಡುವು. ಅದಕ್ಕಿಂತ ಕೆಳಗಿನ ಮೇಲ್ಮನವಿ ನ್ಯಾಯಾಲಯಗಳಲ್ಲಿ 30 ದಿನ ಮಾತ್ರ.

ಮೇಲ್ಮನವಿಗಷ್ಟೇ ಅಲ್ಲ, ದಾವೆ ಹೂಡುವುದಕ್ಕೂ ಗಡುವಿದೆ. ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ವಿಠಲ ಮಲೆಕುಡಿಯ ಮತ್ತು ಅವರ ತಂದೆಯನ್ನು 2012ರ ಮಾರ್ಚ್‌ನಲ್ಲಿ ನಕ್ಸಲ್ ನಿಗ್ರಹ ಪಡೆ ಬಂಧಿಸಿತು. ವಿಠಲ ಆಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು. ಅವರ ವಿರುದ್ಧ ಹಾಜರುಪಡಿಸಿದ್ದ ವಸ್ತುಗಳಲ್ಲಿ ಭಗತ್ ಸಿಂಗ್ ಪುಸ್ತಕವಿತ್ತು, ಪತ್ರಿಕೆಯ ತುಣುಕುಗಳಿದ್ದವು. ಪರೀಕ್ಷೆಗೆ ಬಂದಾಗ ಕೈಗೆ ಕೋಳ. ಖುಲಾಸೆಯಾದದ್ದು 2021ರ ಅಕ್ಟೋಬರ್ 21ಕ್ಕೆ. ಇಂಥ ಮೊಕದ್ದಮೆ ದುರುದ್ದೇಶದ್ದೆಂದು ಪರಿಹಾರ ಕೇಳುವವರಿಗೆ ಕಾಲಮಿತಿ ಕಾಯ್ದೆ ಕೊಡುವುದು ಖುಲಾಸೆಯಿಂದ ಒಂದೇ ವರ್ಷ. ಆರೋಪ ಹೊರಿಸಿದವರಿಗೆ ಒಂಬತ್ತೂವರೆ ವರ್ಷ ಸಿಕ್ಕಿತ್ತು!

ಗಡುವಿನೊಳಗೆ ಹೋದರೂ ಇನ್ನೊಂದು ಬೇಲಿ ಇದೆ. ಕರ್ತವ್ಯದ ನೆಪದಲ್ಲಿ ಅಥವಾ ಅದರ ಮಿತಿ ಮೀರಿ ಪೊಲೀಸರು ಎಸಗಿದ ಕೃತ್ಯಕ್ಕೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ದಾವೆ ನಿಲ್ಲದು ಎನ್ನುತ್ತದೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ. ಹಾಗಾಗಿ ದಾವೆ ವಜಾ ಆಯಿತೆಂದ ಮಾತ್ರಕ್ಕೆ ಹೊಡೆತ ಬಿದ್ದಿರಲಿಲ್ಲ ಎಂದಲ್ಲ. ಇದೇ ಪೂರ್ವಾನುಮತಿಯ ಪ್ರಶ್ನೆ ಎದ್ದಿದ್ದ ಬೆಂಗಳೂರಿನ ದೇವರಾಜ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಅಧಿಕಾರಿಯ ಪರವಾಗಿಯೇ ತೀರ್ಪು ಕೊಟ್ಟಿತು ನಿಜ. ಆದರೆ ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಆ ರಕ್ಷಣೆ ಇಲ್ಲವೆಂದೂ ಅದೇ ತೀರ್ಪಿನಲ್ಲಿದೆ. ಮೇಲ್ಮನವಿಯ ವಕೀಲರು ಹಿಡಿಯಬೇಕಾದ ಎಳೆ ಅದು.

ದಾವೆಯಲ್ಲದೆ ಇನ್ನೊಂದು ದಾರಿಯೂ ಇದೆ. ಪುಂಜಾಲಕಟ್ಟೆ ಠಾಣೆಯ ಪೊಲೀಸರು 2022ರ ಡಿಸೆಂಬರ್‌ನಲ್ಲಿ ಯುವ ವಕೀಲರೊಬ್ಬರನ್ನು ವಾರಂಟ್ ಇಲ್ಲದೆ ಬಂಧಿಸಿದಾಗ ಅವರು ರಿಟ್ ಅರ್ಜಿಯೊಂದಿಗೆ ಹೈಕೋರ್ಟಿಗೆ ಹೋದರು. ಮರುತಿಂಗಳೇ 3 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶವಾಯಿತು. ಕಾನೂನು ಬಲ್ಲವರಾದ್ದರಿಂದ ದಾರಿ ಗೊತ್ತಿತ್ತು. ಬೀಡಿ ಕಟ್ಟುವ ಮನೆಯವರಿಗೆ ಗೊತ್ತಿರಬೇಕಲ್ಲ?

ಅಲ್ಲಿಯೇ ನೆರೆಹೊರೆಯವರು ಬೇಕು. ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ನಕಲು ತಯಾರಾಗಲು ಹಿಡಿದ ದಿನಗಳು ಗಡುವಿನಲ್ಲಿ ಸೇರುವುದಿಲ್ಲ. ಅರ್ಜಿ ಹಾಕದೆ ಕೂತ ದಿನಗಳು ಸೇರುತ್ತವೆ. ಆಸ್ಪತ್ರೆಯ ಚೀಟಿ, ಎಫ್‌ಐಆರ್ ಪ್ರತಿ, ಸರ್ಕಾರಕ್ಕೆ ಕೊಟ್ಟ ನೋಟಿಸಿನ ರಸೀದಿ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿಸಿ. ವಕೀಲರ ಫೀಸಿಗೆ ಹೆದರಿದವರನ್ನು ತಾಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ಯಿರಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಉಚಿತ ವಕೀಲರನ್ನು ಪಡೆಯಲು ಆದಾಯದ ಮಿತಿ ಇಲ್ಲ. ಮೇಲ್ಮನವಿಗೂ ಆ ನೆರವು ಸಿಗುತ್ತದೆ.