ಮಿದುಳಿಲ್ಲದ ಜೀವಿಗಳು

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳು ಉತ್ತರ ಕನ್ನಡ ಜಿಲ್ಲೆಗೆ ಸೇರಿದವಾದರೂ ಅವುಗಳಿಗೆ ಕಡಲತೀರವಿಲ್ಲ. ಜೋಯಿಡಾ ಸೀಮೆಯಲ್ಲಿ ಹುಟ್ಟಿದ ಕಾಳೀ ನದಿಯು ದಾಂಡೇಲಿಯನ್ನು ಹಾದು ಕಾರವಾರದ ಬಳಿ ಸಮುದ್ರವನ್ನು ಸೇರುವುದು. ರಜೆಯಲ್ಲಿ ಕಾರವಾರಕ್ಕೆ ಹೋದ ಮಕ್ಕಳು, ಮರಳಿನ ಮೇಲೆ ಬಿದ್ದ ಅಂಬಲಿಮೀನನ್ನು ಕಂಡು, “ಇದರ ತಲೆ ಎಲ್ಲಿ?” ಎಂದು ಕೇಳುವುದುಂಟು. ಪ್ರಶ್ನೆಯು ಸಣ್ಣದಲ್ಲ. ತಲೆಯೂ ಮಿದುಳೂ ಇಲ್ಲದ ಪ್ರಾಣಿಯು ತನ್ನ ಮೈಯನ್ನು ಹೇಗೆ ಆಳಿಕೊಳ್ಳುವುದು?

ಉತ್ತರವನ್ನು ಅರಸಿ ಕಡಲಿಗೇ ಹೋಗಬೇಕಾಗಿಲ್ಲ. ಅಂಬಲಿಮೀನಿನ ದಾಯಾದಿಯಾದ ಹೈಡ್ರಾ ಎಂಬುದು ಸಿಹಿನೀರಿನಲ್ಲಿಯೇ ಇರತಕ್ಕದ್ದು. ತಿಳಿಯಾದ ಕೆರೆಯಿಂದ ಎಲೆ, ಜೊಂಡುಗಳ ಸಹಿತ ನೀರನ್ನು ತಂದು ಗಾಜಿನ ಪಾತ್ರೆಯಲ್ಲಿ ಅಲುಗಿಸದೆ ಇಟ್ಟು ನೋಡಬೇಕು. ಅದೃಷ್ಟವಿದ್ದರೆ, ಎಲೆಯ ಅಡಿಯಲ್ಲಿ ದಾರದ ತುಂಡಿನಂತೆ ತೂಗುವ, ತುದಿಯಲ್ಲಿ ಐದಾರು ಎಳೆಗಳುಳ್ಳ ಪ್ರಾಣಿಯು ಕಂಡೀತು. ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ಒಡನೆಯೇ ಮುದುರಿ ಚುಕ್ಕೆಯಂತಾಗುವುದು. ಜಿನೀವಾ ಪಟ್ಟಣದ ಅಬ್ರಹಾಂ ಟ್ರೆಂಬ್ಲೆ ಎಂಬವರು ಹಾಲೆಂಡಿನಲ್ಲಿದ್ದಾಗ ಇದನ್ನು ತುಂಡರಿಸಿ, ಒಂದೊಂದು ತುಂಡೂ ಪೂರ್ಣ ಪ್ರಾಣಿಯಾದುದನ್ನು ಕಂಡು, 1744ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು.

ನಮ್ಮ ದೇಹದಲ್ಲಿ ಮಿದುಳು ಅರಸನಂತಿದ್ದು ನರಗಳು ಅದರ ದೂತರಂತಿವೆ. ಹೈಡ್ರಾದಲ್ಲಿ ಅರಸನೇ ಇಲ್ಲ. ಅದರ ನರಕೋಶಗಳು ಮೀನಿನ ಬಲೆಯಂತೆ ಮೈಯೆಲ್ಲ ಹಬ್ಬಿವೆ. ಬಾಯಿಯ ಸುತ್ತಲೂ ಬುಡದಲ್ಲಿಯೂ ಹೆಚ್ಚು ದಟ್ಟವಾಗಿವೆ. ಬಲೆಯ ಒಂದು ಗಂಟನ್ನು ಎಳೆದರೆ ಅದರ ಜಗ್ಗು ಸುತ್ತಲೂ ಹರಡುವಂತೆ, ಒಂದೆಡೆ ತಗಲಿದ ಸ್ಪರ್ಶವು ಎಲ್ಲ ದಿಕ್ಕಿಗೂ ಹರಿಯುವುದು. 2017ರಲ್ಲಿ ವಿಜ್ಞಾನಿಗಳು ಜೀವಂತ ಹೈಡ್ರಾದ ನರಕೋಶಗಳೆಲ್ಲ ಕೆಲಸಮಾಡುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಬಲೆಯು ಒಂದೇ ಅಲ್ಲ, ಬೇರೆ ಬೇರೆ ಚಲನೆಗಳಿಗೆ ಬೇರೆ ಬೇರೆ ಜಾಲಗಳುಂಟೆಂಬುದು ಗೊತ್ತಾಯಿತು. 2020ರಲ್ಲಿ ಇದಕ್ಕೆ ನಿದ್ರೆಯೂ ಉಂಟೆಂದು ತೋರಿಬಂದಿತು. ಹಾಗಾದರೆ ನಿದ್ರೆಯು ಮಿದುಳಿಗಿಂತಲೂ ಹಳೆಯದಾಗಿರಬೇಕು!

ಕಡಲ ಬಂಡೆಗಳಿಗೆ ಹೂವಿನಂತೆ ಅಂಟಿಕೊಂಡಿರುವ ಕಡಲಹೂವೂ ಇದೇ ಕುಲದ್ದು. ಅದರ ಒಂದು ಎಸಳನ್ನು ಹಗುರಾಗಿ ಮುಟ್ಟಿದರೆ ಆ ಎಸಳಷ್ಟೇ ಬಾಗುವುದು. ಬಲವಾಗಿ, ಪದೇ ಪದೇ ಮುಟ್ಟಿದರೆ ಮೈಯೆಲ್ಲ ಮುದುರಿಕೊಳ್ಳುವುದು. ಅಂಬಲಿಮೀನು ಈಜತಕ್ಕದ್ದಾದುದರಿಂದ ಅದರ ಏರ್ಪಾಡು ಒಂದು ಹೆಜ್ಜೆ ಮುಂದಿದೆ. 1870ರ ದಶಕದಲ್ಲಿ ಜಾರ್ಜ್ ರೋಮನ್ಸ್ ಎಂಬವರು ಸ್ಕಾಟ್ಲೆಂಡಿನ ತೀರದಲ್ಲಿ ಅಂಬಲಿಮೀನಿನ ಛತ್ರಿಯಂಥ ಮೈಯ ಅಂಚನ್ನು ಕತ್ತರಿಸಿ ತೆಗೆದರು. ಛತ್ರಿಯು ಬಡಿಯುವುದನ್ನು ನಿಲ್ಲಿಸಿತು. ಬೇರ್ಪಟ್ಟ ಅಂಚು ಮಾತ್ರ ಬಡಿಯುತ್ತಲೇ ಇದ್ದಿತು. ಈಜಿನ ತಾಳವನ್ನು ಹಾಕುವ ನರಗಳು ಅಂಚಿನಲ್ಲಿವೆಯೆಂಬುದು ಇದರಿಂದ ತಿಳಿಯಿತು.

ಗೃಹಸ್ಥರು ಮುಖ್ಯವಾಗಿ ನೆನಪಿಡತಕ್ಕ ಸಂಗತಿಯೊಂದುಂಟು. ಈ ಕುಲದ ಪ್ರಾಣಿಗಳ ಕುಟುಕುಕೋಶಗಳು ನರಗಳ ಅಪ್ಪಣೆಗಾಗಿ ಕಾಯುವುದಿಲ್ಲ. ಮುಟ್ಟಿದ ಮಾತ್ರಕ್ಕೆ ತಾವಾಗಿಯೇ ಸಿಡಿಯಬಲ್ಲವು. ಆದುದರಿಂದ ದಡದ ಮೇಲೆ ಸತ್ತು ಬಿದ್ದ ಅಂಬಲಿಮೀನೂ ಕುಟುಕುವುದು. ಸತ್ತಿದೆಯೆಂದು ಮಕ್ಕಳು ಅದನ್ನು ಕೈಯಲ್ಲಿ ಹಿಡಿಯದಂತೆ ನೋಡಿಕೊಳ್ಳಬೇಕು. ಕುಟುಕಿದರೆ ಆ ಜಾಗವನ್ನು ಉಜ್ಜಕೂಡದು. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಬರಿಗೈ ತಗಲದಂತೆ ತೆಗೆಯಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಸಮುದ್ರದ ದಾಯಾದಿಯ ವಿಷಯದಲ್ಲಿ ನಾವು ಎಚ್ಚರಪಡಬೇಕಾದರೆ, ಕೆರೆಯ ಹೈಡ್ರಾಕ್ಕೆ ನಮ್ಮಿಂದಲೇ ಭಯ. ತಾಮ್ರವೇ ಮೊದಲಾದ ಲೋಹಗಳ ಅಂಶವು ನೀರಿನಲ್ಲಿ ಸೇರಿದರೆ ಅದು ಬೇಗನೆ ಬಾಧೆಗೊಳ್ಳುವುದು. ಆದಕಾರಣವೇ ನೀರಿನ ವಿಷವನ್ನು ಪರೀಕ್ಷಿಸಲು ವಿಜ್ಞಾನಿಗಳು ಅದನ್ನು ಬಳಸುತ್ತಾರೆ. ಗದ್ದೆಯ ಔಷಧದ ಡಬ್ಬಿಯನ್ನು ಕೆರೆಯಲ್ಲಿ ತೊಳೆಯುವ ಮುನ್ನ ಇದನ್ನು ಸ್ಮರಿಸಬೇಕು. ದನಕರುಗಳು ಕುಡಿಯುವುದೂ ಅದೇ ನೀರನ್ನಲ್ಲವೇ?

ಮುಂದಿನ ಸಲ ಮಕ್ಕಳು ಅಂಬಲಿಮೀನಿನ ತಲೆಯನ್ನು ಕೇಳಿದರೆ, “ಅದಕ್ಕೆ ತಲೆಯಿಲ್ಲ, ಮಗು, ಅರಿವಿನ ಬಲೆಯುಂಟು” ಎಂದು ಹೇಳಿ, ಎರಡು ಮಾರು ದೂರದಿಂದಲೇ ತೋರಿಸಿರಿ.